ಮುಚ್ಚಳ ತೆಗೆದ ಮೇಲೆ ಮನೆ ಹಿಡಿತಕ್ಕೆ ಬಂತು

ಕತ್ತರಿಯಿಂದಲೇ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲಿ ನಾಲ್ಕು ಕತ್ತರಿ ಇದ್ದವು, ಬೇಕೆಂದಾಗ ಒಂದೂ ಸಿಗುತ್ತಿರಲಿಲ್ಲ. ಈಗ ಎರಡೇ ಇವೆ. ಸುಮಾರು ಒಂದೂವರೆ ವರ್ಷದಿಂದ ಎರಡೂ ತಮ್ಮ ಜಾಗ ಬಿಟ್ಟು ಕದಲಿಲ್ಲ. ಮನೆ ಜೋಡಿಸಲು ಹೊರಟಾಗ ‘ನಿನ್ನದು ಎರಡು ತಿಂಗಳ ಹುಮ್ಮಸ್ಸು’ ಅಂದಿದ್ದ ಭಾವನೇ ಹೋದ ತಿಂಗಳು ಬಂದು, ಅಡುಗೆಮನೆಯಿಂದ ಅಟ್ಟದವರೆಗೆ ನೋಡಿ, ತನ್ನ ಮನೆಗೂ ಒಮ್ಮೆ ಬಂದು ಹೋಗು ಅಂದ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ನಾನೂ ಎಲ್ಲರಂತೆ ಡಬ್ಬಿ ಕೊಳ್ಳುವುದರಿಂದಲೇ ಆರಂಭಿಸಿದ್ದು. ಬಿಗಿ ಮುಚ್ಚಳದ, ಒಂದೇ ಅಳತೆಯ ಪಾರದರ್ಶಕ ಡಬ್ಬಿಗಳು, ನಲವತ್ತರ ಹತ್ತಿರ. ಅರ್ಧ ತಿಂಗಳ ಸಂಬಳ ಅಲ್ಲೇ ಹೋಯಿತು. ಮೂರು ವಾರ ಮನೆ ನೋಡಲು ಚೆಂದವಿತ್ತು. ಆರನೇ ವಾರಕ್ಕೆ ಸಾಮಾನೆಲ್ಲ ಡಬ್ಬಿಯ ಒಳಗಲ್ಲ, ಮುಚ್ಚಳದ ಮೇಲೆ ಕೂತಿತ್ತು.

ಆಮೇಲೆ ಬಡಗಿಯಿಂದ ಗೋಡೆ ಕಪಾಟು ಮಾಡಿಸಿದೆ. ಜಾಗ ಜಾಸ್ತಿ ಸಿಗಲಿ ಅಂತ 24 ಇಂಚು ಆಳ. ಅದಕ್ಕೆ ಒಂದು ತಿಂಗಳಿಗೂ ಮೀರಿದ ಸಂಬಳ. ಹಿಂದಿನ ಸಾಲಿಗೆ ಹೋದ ವಸ್ತು ನಮ್ಮ ಪಾಲಿಗೆ ಸತ್ತಂತೆಯೇ. ಇದ್ದದ್ದು ಕಾಣದೆ ಬಲ್ಬಿನ ಪೊಟ್ಟಣ ಮೂರು ಸಲ ತಂದಿದ್ದೆವು. ನನ್ನ ಅನುಭವದಲ್ಲಿ ದಿನಬಳಕೆಯ ಶೆಲ್ಫಿಗೆ 12ರಿಂದ 14 ಇಂಚು ಆಳ ಸಾಕು. ದುಡ್ಡು ಉಳಿಸಲು ಹಾಕಿಸಿದ ಪಾರ್ಟಿಕಲ್ ಬೋರ್ಡು (ಮರದ ಚೂರು-ಪುಡಿ ಅಂಟಿಸಿ ಒತ್ತಿದ ಹಲಗೆ) ನಾಲ್ಕು ಅಡಿ ಉದ್ದಕ್ಕೆ ನಡುವೆ ಆಧಾರವಿಲ್ಲದೆ ಪುಸ್ತಕ ಹೊತ್ತು, ವರ್ಷದೊಳಗೆ ಅರ್ಧ ಇಂಚಿಗೂ ಹೆಚ್ಚು ಬಾಗಿತು. ಹಲಗೆಯನ್ನು ಬೋರಲು ಹಾಕಿ ಕೆಲವು ತಿಂಗಳು ತಳ್ಳಿದೆ, ಕೊನೆಗೆ ಮಧ್ಯೆ ಒಂದು ಕಾಲು ಕೊಡಲೇಬೇಕಾಯಿತು. ರಜಾಯಿಗಳಿಗೆಂದು ತಂದ, ಗಾಳಿ ಎಳೆದು ಚಪ್ಪಟೆ ಮಾಡುವ ಎಂಟು ಚೀಲಗಳಲ್ಲಿ ಮೂರು ಮಳೆಗಾಲ ಮುಗಿಯುವ ಮೊದಲೇ ಮತ್ತೆ ಉಬ್ಬಿದ್ದವು. ಪುಕ್ಕ ತುಂಬಿದ ರಜಾಯಿಯಂತೂ ಹೊರಗೆ ತೆಗೆದ ಮೇಲೆ ಮೊದಲಿನ ಹಾಗೆ ಅರಳಲೇ ಇಲ್ಲ.

ಸೋತು ಕೂತಾಗ ಒಂದು ಕೆಲಸ ಮಾಡಿದೆ. ಒಂದು ವಾರ ಏನನ್ನೂ ಎತ್ತಿಡದೆ, ಯಾವ ವಸ್ತು ಎಲ್ಲಿ ಬಿದ್ದಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ಕೀಲಿ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಕನ್ನಡಕ ನೀರಿನ ಫಿಲ್ಟರಿನ ಪಕ್ಕ, ಕತ್ತರಿ ಊಟದ ಮೇಜಿನ ಎಡಮೂಲೆಯಲ್ಲಿ. ಏಳು ದಿನವೂ ಹೆಚ್ಚುಕಡಿಮೆ ಅದೇ ಜಾಗ! ಆಮೇಲೆ ಕತ್ತರಿಯ ‘ಸರಿಯಾದ’ ಜಾಗಕ್ಕೆ ಹೋಗಿ ಕೈಯ ಕೆಲಸ ಎಣಿಸಿದೆ. ಕಪಾಟಿನ ಬಾಗಿಲು ತೆಗೆ, ಮೇಲಿನ ಡಬ್ಬಿ ಇಳಿಸು, ಕೆಳಗಿನದನ್ನು ಎಳೆ, ಕ್ಲಿಪ್ಪು ಬಿಚ್ಚು, ಮುಚ್ಚಳ ಎತ್ತು. ಐದು. ಬೇಕಾದವನು ಐದಲ್ಲ, ಹತ್ತು ಕೆಲಸ ಮಾಡಿಯಾದರೂ ಕತ್ತರಿ ತೆಗೆಯುತ್ತಾನೆ. ಕೆಲಸ ಮುಗಿದವನು ವಾಪಸ್ ಇಡಲು ಐದು ಮಾಡುವುದಿಲ್ಲ. ನಾವೆಲ್ಲ ತೆಗೆಯುವುದನ್ನು ಯೋಚಿಸಿ ಜೋಡಿಸುತ್ತೇವೆ. ಜೋಡಿಸಬೇಕಾದ್ದು ವಾಪಸ್ ಇಡುವವನ ಕೈ ನೋಡಿ.

ಅಂದಿನಿಂದ ದಿನಾ ಬಳಸುವ ವಸ್ತುವಿಗೆ ಒಂದೇ ಕೈ, ಒಂದೇ ಚಲನೆ. ವಾರಕ್ಕೊಮ್ಮೆ ಬೇಕಾದ್ದಕ್ಕೆ ಎರಡು. ವರ್ಷಕ್ಕೊಮ್ಮೆ ಬೇಕಾದ್ದಕ್ಕೆ ಎಷ್ಟಾದರೂ ಆಗಲಿ, ಏಣಿ ಹತ್ತಿದರೂ ಸರಿ. ದಿನಬಳಕೆಯ ಡಬ್ಬಿಗಳ ಮುಚ್ಚಳವನ್ನೆಲ್ಲ ತೆಗೆದುಬಿಟ್ಟೆ. ಶೆಲ್ಫಿನಲ್ಲಿ ಕಾಲು ಭಾಗ ಖಾಲಿ ಬಿಟ್ಟೆ, ಯಾಕೆಂದರೆ ತುಂಬಿದ ಶೆಲ್ಫಿನಲ್ಲಿ ಪಕ್ಕದ್ದನ್ನು ಸರಿಸುವುದೇ ಇನ್ನೊಂದು ಕೆಲಸ. ಕತ್ತರಿಗೆ ಮೇಜಿನ ಎಡಮೂಲೆಯ ಕೆಳಗೇ ಮೊಳೆ ಹೊಡೆದೆ.

ಅಮ್ಮನಿಗೆ ಇದು ಹಿಡಿಸಲಿಲ್ಲ. ‘ಮುಚ್ಚಳ ತೆಗೆದರೆ ಧೂಳು ಕೂರಲ್ವೇನೋ?’ ಅಂದರು. ‘ಕೂರಲಿ ಅಮ್ಮ, ನೋಡೋಣ’ ಅಂದೆ. ಎರಡು ತಿಂಗಳಾದ ಮೇಲೆ ಒಂದೊಂದೇ ಡಬ್ಬಿಯಲ್ಲಿ ಬೆರಳಾಡಿಸಿದೆ. ದಿನಾ ಕೈಯಾಡುವ ಡಬ್ಬಿಗಳಲ್ಲಿ ಧೂಳು ಇಲ್ಲವೆನ್ನುವಷ್ಟು ಕಡಿಮೆ. ಒಂಬತ್ತೋ ಹತ್ತೋ ಡಬ್ಬಿಗಳಲ್ಲಿ ಬೆರಳಿನ ಗೆರೆ ಮೂಡಿತು. ಅವು ದಿನಬಳಕೆಯವು ಅಂತ ನಾನು ಸುಮ್ಮನೆ ನಂಬಿಕೊಂಡಿದ್ದೆ, ಅಷ್ಟೆ. ಅವನ್ನು ಮುಚ್ಚಳ ಹಾಕಿ ಮೇಲಕ್ಕೆ ಕಳಿಸಿದೆ. ಯಾವುದು ಎಲ್ಲಿರಬೇಕು ಅಂತ ಈಗ ಧೂಳನ್ನೇ ಕೇಳುತ್ತೇನೆ.

ಎಲ್ಲ ಮುಚ್ಚಳವನ್ನೂ ತೆಗೆಯಬೇಡಿ. ಹುಳ ಬೀಳುವ ಅಡುಗೆ ಸಾಮಾನಿಗೆ ಬಿಗಿ ಮುಚ್ಚಳವೇ ಬೇಕು. ಬಚ್ಚಲುಮನೆಯ ಕಪಾಟಿನಲ್ಲಿದ್ದ ಔಷಧಿಯನ್ನು ಮಲಗುವ ಕೋಣೆಗೆ ತಂದು ಮೇಲೆ ಬೀಗದ ಪೆಟ್ಟಿಗೆಯಲ್ಲಿಟ್ಟೆ, ಮಾತ್ರೆಗೆ ತೇವ ಆಗಿಬರುವುದಿಲ್ಲ. ಬ್ಲೀಚು ಮತ್ತು ಆಸಿಡ್ಡನ್ನು ಬೇರೆ ಬೇರೆ ಕಪಾಟಿನಲ್ಲಿ, ಅವುಗಳದ್ದೇ ಬಾಟಲಿಯಲ್ಲಿ, ಬೀಗ ಹಾಕಿ ಇಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. 9 ವೋಲ್ಟಿನ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿಯೇ ಡ್ರಾಯರಿಗೆ ಹಾಕುತ್ತೇನೆ. ಒಮ್ಮೆ ಪಿನ್ನಿಗೆ ತಗುಲಿ ಕೈ ಇಡಲಾಗದಷ್ಟು ಬಿಸಿಯಾಗಿತ್ತು.

ನಡುವೆ ತೇವ ಹೀರುವ ಸಿಲಿಕಾ ಜೆಲ್ಲಿನ ಹುಚ್ಚೂ ಹಿಡಿಯಿತು. ಒಂದು ಮಳೆಗಾಲ ಎರಡು ಚರ್ಮದ ಬೆಲ್ಟನ್ನು ಎರಡು ಡಬ್ಬಿಗಳಲ್ಲಿಟ್ಟು, ಒಂದಕ್ಕೆ ಮಾತ್ರ ಜೆಲ್ ಪೊಟ್ಟಣ ಹಾಕಿದೆ. ಅದು ಹಾಗೇ ಉಳಿಯಿತು, ಇನ್ನೊಂದಕ್ಕೆ ಬೂಷ್ಟು. ಬಣ್ಣ ಬದಲಾದ ಜೆಲ್ಲನ್ನು ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ತಾಸು ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ದಿನಾ ಬಾಗಿಲು ತೆಗೆಯುವ ಬೀರುವಿನಲ್ಲಿ ಅದನ್ನಿಟ್ಟರೆ ದಂಡ, ಅದೂ ಪ್ರಯೋಗ ಮಾಡಿಯೇ ಹೇಳುತ್ತಿದ್ದೇನೆ. ಇನ್ನೊಂದು ಪಾಠ ಬಿಲ್ಲುಗಳದ್ದು. ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲುಗಳನ್ನು ಅಟ್ಟದಲ್ಲಿಟ್ಟಿದ್ದೆ. ಒಂದೇ ಬೇಸಿಗೆಯ ಬಿಸಿಗೆ ಅಕ್ಷರವೆಲ್ಲ ಮಾಯವಾಗಿ, ಗ್ಯಾರಂಟಿ ಇದ್ದೂ ಒಂದು ಮಿಕ್ಸರಿನ ರಿಪೇರಿಗೆ ಕೈಯಿಂದ ಕೊಡಬೇಕಾಯಿತು. ಈಗ ತಂದ ದಿನವೇ ಜೆರಾಕ್ಸು.

ಅಟ್ಟದ ಡಬ್ಬಿಗಳಿಗೆ ಹೆಸರು ಬರೆಯುವುದನ್ನು ಬಿಟ್ಟೆ. ‘ಇತರೆ’ ಅಂತ ಬರೆದ ಐದು ಡಬ್ಬಿ ಇದ್ದವು! ಈಗ ಬರೀ ಸಂಖ್ಯೆ, ಒಳಗಿರುವುದರ ಪಟ್ಟಿ ನೋಟ್‌ಬುಕ್ಕಿನಲ್ಲಿ. ಸಂಖ್ಯೆ ಕೊಡುವ ಕ್ರಮದಲ್ಲಿ ಒಂದು ಕೀಲಿ ಇದೆ, ಅದರಿಂದಲೇ ನೋಟ್‌ಬುಕ್ ತೆಗೆಯದೆಯೂ ಅಂದಾಜು ಸಿಗುತ್ತದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಡವಿದ್ದಕ್ಕೆ ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ ಹೋಯಿತು. ಗೆದ್ದಿದ್ದಕ್ಕೆ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ: ಮೊಳೆ, ಕೊಕ್ಕೆ, ಟೇಪು, ಹಳೆ ಚಪ್ಪಲಿ ಡಬ್ಬಗಳು. ತೆಗೆದ ಮುಚ್ಚಳಗಳನ್ನೂ ಬಿಸಾಡಲಿಲ್ಲ. ಸೋರುವ ಬಾಟಲಿಗಳ ಕೆಳಗೆ ತಟ್ಟೆಯಾಗಿ ಅವೇ ಇವೆ.

ಭಾವ ಬಂದಾಗ ಪರೀಕ್ಷೆ ಇಟ್ಟ. ಹನ್ನೆರಡು ವಸ್ತು ಕೇಳುತ್ತೇನೆ, ಒಂದೊಂದಕ್ಕೆ ಒಂದು ನಿಮಿಷ. ಹನ್ನೊಂದನ್ನು ಸಮಯದೊಳಗೆ ಕೈಗಿಟ್ಟೆ, ಮಳೆ ಕೋಟನ್ನೂ ಸೇರಿಸಿ. ಹನ್ನೆರಡನೆಯದು ಚೆಂಡಿಗೆ ಗಾಳಿ ಹೊಡೆಯುವ ಸೂಜಿ. ನಾಲ್ಕು ನಿಮಿಷ ಹಿಡಿಯಿತು, ಪಂಪು ಒಂದು ಕಡೆ, ಸೂಜಿ ಮೊಳೆಗಳ ಡಬ್ಬಿಯಲ್ಲಿ. ಅವತ್ತು ರಾತ್ರಿಯೇ ಅದನ್ನು ಪಂಪಿನ ಪೈಪಿಗೆ ದಾರದಿಂದ ಕಟ್ಟಿದೆ.