ತಪ್ಪು ಅಂತ ಹೇಳಿದ ಮೇಲೂ ಅಲ್ಲೇ ಕೂತಿರೋದು

ಬರ್ಲಿನ್ನಿನ ಈಗಿನ ಮನೆಗೆ ನಾವು ಬಂದಿದ್ದು 2017ರಲ್ಲಿ. ಅಮ್ಮ ತುಮಕೂರಿನಿಂದ ಬಂದಿದ್ದರು. ಹಾಲು ಉಕ್ಕಿಸಿದ್ದಾಯಿತು, ಪಾಯಸ ಆಯಿತು. ನಾನು ನೋಡದೇ ಇದ್ದಾಗ ಅಮ್ಮ ಬಾಗಿಲಿನ ಹೊರಗಡೆ ಕುಂಕುಮದಲ್ಲಿ ಅಂಗೈಯಗಲ ಒಂದು ಸ್ವಸ್ತಿಕ ಬರೆದಿದ್ದರು.

ಮರುದಿನ ಬೆಳಗ್ಗೆ ಎದುರು ಮನೆಯ ಅಜ್ಜಿ ಬೆಲ್ ಮಾಡಿದರು. ಎಪ್ಪತ್ತು ದಾಟಿದವರು. ಬಾಗಿಲನ್ನು ತೋರಿಸಿ "ಇದೇನು?" ಅಂದರು. ಕೈ ನಡುಗುತ್ತಿತ್ತು.

ನಾನು ವಾದಕ್ಕಿಳಿದೆ. ಇದು ನಮ್ಮಲ್ಲಿ ಸಾವಿರಾರು ವರ್ಷಗಳಿಂದ ಇರುವ ಶುಭ ಚಿಹ್ನೆ, ನಾಜಿಗಳು ಬಂದಿದ್ದು ನಿನ್ನೆ ಮೊನ್ನೆ, ಅವರದ್ದು ಸಾಮಾನ್ಯವಾಗಿ ಓರೆಯಾಗಿ ನಿಂತಿರುತ್ತದೆ, ನಮ್ಮದು ನೆಟ್ಟಗಿದೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೋದು ನಿಜವೇ ಇರಬಹುದು. ಆದರೆ ಬೆಳಗ್ಗೆ ಬಾಗಿಲು ತೆಗೆದು ಇದನ್ನು ನೋಡಿದಾಗ ನನ್ನ ಹೊಟ್ಟೆಗೆ ಅದೆಲ್ಲ ಗೊತ್ತಾಗೋದಿಲ್ಲ" ಅಂದರು. ಅವರ ತಾಯಿ ಯಹೂದಿ. ಯುದ್ಧದ ಕಾಲದಲ್ಲಿ ಇದೇ ಊರಲ್ಲಿ ಮನೆಯಿಂದ ಮನೆಗೆ ಅಡಗಿಕೊಂಡು ಉಳಿದವರು. ಹಾಗೆ ಅಡಗಿ ಬದುಕುಳಿದವರು ಬರ್ಲಿನ್ನಿನಲ್ಲಿ ಸುಮಾರು 1,700 ಜನ ಮಾತ್ರ.

ಅಮ್ಮನಿಗೆ ಜರ್ಮನ್ ಬರೋದಿಲ್ಲ. "ಏನಂತೆ?" ಅಂದರು. ಹೇಳಿದೆ. ಒದ್ದೆ ಬಟ್ಟೆ ತಂದು ತಾವೇ ಒರೆಸಿದರು. "ದೇವರ ಗೂಡಿನಲ್ಲಿ ಬರೆದರಾಯ್ತು ಬಿಡೋ. ಪಾಪ, ಹೆದರಿಕೊಂಡಿದ್ದಾರೆ." ಹಿಂದಿನ ದಿನದ ಪಾಯಸವನ್ನೂ ಬಿಸಿ ಮಾಡಿ ಕೊಟ್ಟರು. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ನಮ್ಮದೇನು ತಪ್ಪು ಅಂತ.

ಈಗ ನಾನು ಬಿಡುವಿದ್ದಾಗಲೆಲ್ಲ ಇಲ್ಲಿನ ಶಾಲೆಗಳಿಗೆ ಹೋಗಿ ಯಹೂದಿ ದ್ವೇಷದ ಬಗ್ಗೆ, ಬೇರೆ ದ್ವೇಷಗಳ ಬಗ್ಗೆಯೂ, ಮಕ್ಕಳ ಜೊತೆ ಮಾತಾಡುತ್ತೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. "ನಿನಗ್ಯಾಕಪ್ಪ ಇದು?" ಅಂತ ಊರಲ್ಲೂ ಕೇಳುತ್ತಾರೆ, ಇಲ್ಲೂ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಲೆಯಲ್ಲಿ ಏನಿತ್ತು ಅನ್ನೋದನ್ನು ಹೇಳಿಬಿಡಬೇಕು. ಹೈಸ್ಕೂಲಿನಲ್ಲಿ ನಮ್ಮ ಗಣಿತದ ಮೇಷ್ಟ್ರಿಗೆ ಅಡ್ಡ ಹೆಸರು ಹಿಟ್ಲರ್. ಬೆಂಗಳೂರಿನ ಫುಟ್‌ಪಾತಿನಲ್ಲಿ ಹಿಟ್ಲರನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಇರುತ್ತಿತ್ತು. ಹಾಸ್ಟೆಲಿನಲ್ಲಿ "ಏನೇ ಅನ್ನು, ಶಿಸ್ತು ಅಂದ್ರೆ ಅವನದ್ದು" ಅಂತ ನಾನೂ ಅಂದಿದ್ದೇನೆ. ಒಬ್ಬ ಯಹೂದಿಯನ್ನೂ ನೋಡಿರಲಿಲ್ಲ. ಅದು ಯುರೋಪಿನ ಜಗಳ, ನಮಗೇನು ಅನ್ನೋ ಭಾವನೆ.

ಆದರೆ ಅದು ನಮ್ಮೂರಿಗೂ ಬಂದಿತ್ತು. ಗೊಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ದೊಡ್ಡ ಹೆಸರಾಗಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1933ರಲ್ಲಿ ಯಹೂದಿ ಅಂತ ಕೆಲಸದಿಂದ ತೆಗೆದರು. ಆಗ ಬಾರ್ನ್ ಅವರನ್ನು ಸಿ. ವಿ. ರಾಮನ್ ಬೆಂಗಳೂರಿಗೆ ಕರೆಸಿಕೊಂಡರು. 1935-36ರಲ್ಲಿ ಬಾರ್ನ್ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಅವರಿಗೊಂದು ಕಾಯಂ ಹುದ್ದೆ ಕೊಡಿಸಲು ರಾಮನ್ ಒದ್ದಾಡಿದರು. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ತನ್ನ ದೇಶದವರೇ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಅನ್ನೋ ಅರ್ಥದಲ್ಲಿ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತರಂತೆ. ಹುದ್ದೆ ಸಿಗಲಿಲ್ಲ, ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಅವರದೇ ಬಂಧು ಆಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ಅವರೂ ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟವರು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೈಯದ್ದು. ಅದರ ನೆರಳಲ್ಲಿ ಕೂತು ಎಷ್ಟೋ ಸಲ ಕಡ್ಲೆಕಾಯಿ ತಿಂದಿದ್ದೇನೆ. ಕಟ್ಟಿದವರು ಯಾಕೆ ಬೆಂಗಳೂರಿಗೆ ಬರಬೇಕಾಯಿತು ಅಂತ ಗೊತ್ತಾಗಿದ್ದು ಬರ್ಲಿನ್ನಿಗೆ ಬಂದ ಮೇಲೆ.

ಶಾಲೆಗೆ ಹೋಗೋ ಯೋಚನೆ ಬಂದಿದ್ದು 2019ರ ಅಕ್ಟೋಬರ್ 9ರ ನಂತರ. ಅವತ್ತು ಯೋಮ್ ಕಿಪ್ಪೂರ್, ಯಹೂದಿಗಳ ಉಪವಾಸದ ದಿನ. ಜರ್ಮನಿಯ ಹಾಲೆ ಅನ್ನೋ ಊರಿನಲ್ಲಿ ಒಬ್ಬ ಬಂದೂಕು ಹಿಡಿದು ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ನುಗ್ಗಲು ನೋಡಿದ. ಮರದ ಬಾಗಿಲು ಗುಂಡು ತಡೆದು ನಿಂತಿತು. ಒಳಗಿದ್ದವರು ಉಳಿದರು. ಅವನು ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸನ್ನು ಕೊಂದ. ಆಮೇಲೆ ಹತ್ತಿರದ ಡೋನರ್ (ಟರ್ಕಿ ಕಬಾಬ್) ಅಂಗಡಿಗೆ ಹೋಗಿ ಅಲ್ಲಿದ್ದ ಒಬ್ಬ ಹುಡುಗನನ್ನು ಕೊಂದ. ಅಂಗಡಿ ಯಾಕೆ? ಅಲ್ಲಿ ಮುಸ್ಲಿಮರು ಸಿಗುತ್ತಾರೆ ಅಂತ. ಅದೇ ವಾರ ಎದುರು ಮನೆ ಅಜ್ಜಿಯ ಜೊತೆ ಕಾಫಿ ಕುಡಿಯುತ್ತಾ, ನನಗೇನಾದರೂ ಕೆಲಸ ಇದೆಯಾ ಅಂತ ಕೇಳಿದೆ. ಅವರು ಶಾಲೆಗಳಿಗೆ ಜನರನ್ನು ಕಳಿಸೋ ಒಂದು ಗುಂಪಿನ ಫೋನ್ ನಂಬರ್ ಕೊಟ್ಟರು.

ತರಬೇತಿ ಮೂರು ವಾರಾಂತ್ಯ. ಅಲ್ಲಿ ಹೇಳಿಕೊಟ್ಟಿದ್ದರಲ್ಲಿ ಒಂದು ನನ್ನ ಜೊತೆ ಉಳಿದಿದೆ. 1976ರಲ್ಲಿ ಬೋಯ್ಟೆಲ್ಸ್‌ಬಾಖ್ ಅನ್ನೋ ಊರಿನಲ್ಲಿ ಜರ್ಮನಿಯ ಶಿಕ್ಷಣದವರು ಸೇರಿ ಮಾಡಿಕೊಂಡ ಒಪ್ಪಂದ ಅದು. ಮೇಷ್ಟ್ರು ತನ್ನ ಅಭಿಪ್ರಾಯವನ್ನು ಮಕ್ಕಳ ಗಂಟಲಿಗೆ ತುರುಕಬಾರದು. ಹೊರಗೆ ಜನ ಜಗಳಾಡುತ್ತಿರುವ ವಿಷಯವನ್ನು ಒಳಗೂ ಜಗಳ ಇರುವ ವಿಷಯವಾಗಿಯೇ ತೋರಿಸಬೇಕು. ಮಕ್ಕಳು ತಮ್ಮ ಸ್ಥಿತಿಯನ್ನು ತಾವೇ ಯೋಚಿಸೋ ಹಾಗೆ ಆಗಬೇಕು. ಕೇಳೋಕೆ ಸುಲಭ. ಹಾಗಂತ ದ್ವೇಷವೂ ಒಂದು ಅಭಿಪ್ರಾಯ ಅಂತ ಬಿಟ್ಟುಬಿಡೋಕಾಗಲ್ಲ, ಅಲ್ವಾ? ಈ ಎರಡರ ನಡುವೆಯೇ ನಮ್ಮ ಕೆಲಸ.

ಮೊದಲ ಕ್ಲಾಸು ಬರ್ಲಿನ್ನಿನದೇ ಒಂದು ಭಾಗವಾದ ನೊಯ್‌ಕೋಲ್ನ್‌ನಲ್ಲಿ, ಒಂಬತ್ತನೇ ತರಗತಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅರಬ್ಬಿ, ಟರ್ಕಿ ಮೂಲದ ಮನೆಗಳವರು. ನಾವು ಹೋಗೋದು ಜೋಡಿಯಾಗಿ. ನನ್ನ ಜೊತೆಗಾತಿ ಯಹೂದಿ. ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ. ಒಬ್ಬ ಹುಡುಗ ಪೆನ್ನು ವಾಪಸ್ ಕೊಡಲಿಲ್ಲ ಅಂತ ಇನ್ನೊಬ್ಬ ಅವನಿಗೆ "ಏ ಯೂದೆ!" ಅಂದ. ಯೂದೆ ಅಂದರೆ ಯಹೂದಿ. ಇಲ್ಲಿನ ಶಾಲೆಯ ಅಂಗಳದಲ್ಲಿ ಅದೊಂದು ಬೈಗುಳ.

ನಾನು ಪಾಠ ಬಿಟ್ಟು ಯಹೂದಿಗಳನ್ನು ಕೊಂದ ನಾಜಿ ಕ್ಯಾಂಪ್ ಆಶ್ವಿಟ್ಸ್‌ನ ಫೋಟೋ ಹಾಕಿದೆ. ಇಪ್ಪತ್ತು ನಿಮಿಷ ಮಾತಾಡಿದೆ. ಕ್ಲಾಸು ಗಪ್‌ಚುಪ್. ಆ ಹುಡುಗ ಮೇಜಿಗೆ ತಲೆ ಕೊಟ್ಟು ಮಲಗಿದ. ಚೆನ್ನಾಗಿ ನಾಟಿತು ಅಂದುಕೊಂಡೆ. ವಾಪಸ್ ಹೋಗುವಾಗ ಮೆಟ್ರೋದಲ್ಲಿ ಜೊತೆಗಾತಿ ಹೇಳಿದಳು: "ಅವನು ಇವತ್ತು ಕಲಿತದ್ದು ಒಂದೇ. ನಮ್ಮಂಥವರು ಬಂದಾಗ ಆ ಪದ ಆಡಬಾರದು ಅಂತ." ನಾನು ಮಾಡಿದ್ದು ಅಜ್ಜಿಯ ಮುಂದೆ ಮಾಡಿದ್ದೇ. ಸತ್ಯವನ್ನು ಕಲ್ಲಿನ ಹಾಗೆ ಎಸೆದಿದ್ದೆ.

ಈಗ ಮಾಡೋದು ಹೀಗೆ. ಆ ಪದ ಬಂದ ಕೂಡಲೇ ನಿಲ್ಲಿಸುತ್ತೇನೆ. "ಇದು ತಪ್ಪು. ಇಲ್ಲಿ ನಡೆಯೋದಿಲ್ಲ." ಅಷ್ಟೇ, ಒಂದು ಸಾಲು. ಇದನ್ನು ಬಿಡಬಾರದು. ಸುಮ್ನೆ ನಕ್ಕು ಮುಂದೆ ಹೋದರೆ ಕ್ಲಾಸಿನಲ್ಲಿ ತಾನು ಯಾರು ಅಂತ ಹೇಳಿಕೊಳ್ಳದೆ ಕೂತ ಯಹೂದಿ ಮಗು ಇದ್ದರೆ ಅದಕ್ಕೆ ಅರ್ಥ ಆಗಿಬಿಡುತ್ತದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತೇನೆ, "ಈ ಪದ ನಿನಗೆ ಎಲ್ಲಿ ಸಿಕ್ಕಿತು?" ಬೈಯೋ ದನಿಯಲ್ಲಿ ಅಲ್ಲ. ನಿಜವಾಗಿಯೂ ಗೊತ್ತಾಗಬೇಕು ಅಂತ.

ಉತ್ತರ ಬರುತ್ತದೆ. ಅಣ್ಣ ಹೇಳಿದ, ವಿಡಿಯೋದಲ್ಲಿ ನೋಡಿದೆ, ಅವರ ಹತ್ತಿರ ದುಡ್ಡಿದೆ, ಬ್ಯಾಂಕೆಲ್ಲ ಅವರದ್ದೇ. ದುಡ್ಡಿನ ಮಾತು ಬಂದರೆ ನಾನು ಇತಿಹಾಸಕ್ಕೆ ಮೊದಲು ನನ್ನ ಮನೆಯ ಕಥೆ ಹೇಳುತ್ತೇನೆ. ನಮ್ಮ ಕಡೆ ಯಾರಾದರೂ ಕೈ ಬಿಗಿ ಮಾಡಿದರೆ "ಮಾರ್ವಾಡಿ ಬುದ್ಧಿ" ಅಂತಾರೆ. ನಾನೂ ಅಂದಿದ್ದೇನೆ. ಒಡವೆ ಗಿರವಿ ಇಟ್ಟುಕೊಳ್ಳೋ ಅಂಗಡಿ ಬಿಟ್ಟರೆ ಆ ಜನರ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಕಷ್ಟಕ್ಕೆ ಸಾಲ ಬೇಕು, ಕೊಟ್ಟವನನ್ನು ಕಂಡರೆ ಆಗಲ್ಲ. ಮಕ್ಕಳು ನಗುತ್ತಾರೆ, ತಮ್ಮ ಮನೆಗಳಲ್ಲಿ ಯಾರ ಬಗ್ಗೆ ಹೀಗಂತಾರೆ ಅಂತ ಹೇಳೋಕೆ ಶುರು ಮಾಡುತ್ತಾರೆ. ಆಗ ಯುರೋಪಿನ ಕಥೆಗೆ ಬರುತ್ತೇನೆ. ಮಧ್ಯಕಾಲದಲ್ಲಿ ಕ್ರೈಸ್ತರು ಬಡ್ಡಿಗೆ ಸಾಲ ಕೊಡಬಾರದು ಅಂತ ಚರ್ಚು ತಡೆದಿತ್ತು. ಬಹಳ ಕಡೆ ಯಹೂದಿಗಳಿಗೆ ಜಮೀನು ಇಟ್ಟುಕೊಳ್ಳೋಕೆ ಬಿಡಲಿಲ್ಲ, ಕಸುಬಿನ ಸಂಘಗಳಿಗೆ ಸೇರಿಸಲಿಲ್ಲ. ಉಳಿದದ್ದು ಲೇವಾದೇವಿ, ಸಣ್ಣ ವ್ಯಾಪಾರ. ಅವರಲ್ಲಿ ಬಹುಪಾಲು ಬಡವರೇ. ಅವರು ಗುಟ್ಟಾಗಿ ಜಗತ್ತು ಆಳುತ್ತಾರೆ ಅಂತ ಸಾರುವ, 1903ರಲ್ಲಿ ರಷ್ಯಾದಲ್ಲಿ ಅಚ್ಚಾದ ಒಂದು ಕಾಗದಪತ್ರ ಇದೆ. ಅದು ಬೇರೆಯದೇ ಪುಸ್ತಕದಿಂದ ಕದ್ದು ಹೊಲಿದದ್ದು ಅಂತ 1921ರಲ್ಲೇ ಲಂಡನ್ನಿನ ಪತ್ರಿಕೆ ಸಾಲು ಸಾಲಾಗಿ ತೋರಿಸಿತು. ಆದರೂ ಮಕ್ಕಳ ಫೋನಿಗೆ ಇವತ್ತೂ ಅದೇ ಕಥೆ ಬರುತ್ತದೆ.

ಆಮೇಲೆ ಹಾಲೆ ಕಥೆ. ಡೋನರ್ ಅಂಗಡಿಯ ಭಾಗ ಬಂದಾಗ ಹಿಂದಿನ ಬೆಂಚಿನವರೂ ಮುಂದೆ ಬಾಗುತ್ತಾರೆ. ಮುಂದೆ ಏನಾಯಿತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅಂಗಡಿಯವರು ನಷ್ಟದಲ್ಲಿದ್ದಾಗ ಯಹೂದಿ ವಿದ್ಯಾರ್ಥಿಗಳ ಸಂಘದವರು ಅವರಿಗಾಗಿ ದುಡ್ಡು ಕೂಡಿಸಿದರು. ಒಂದು ಕ್ಲಾಸಿನಲ್ಲಿ ಒಬ್ಬಳು ಹುಡುಗಿ "ಯಾಕೆ?" ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಮಕ್ಕಳೇ ಅರ್ಧ ಗಂಟೆ ಅದರ ಮೇಲೆ ಮಾತಾಡಿದರು.

2023ರ ಅಕ್ಟೋಬರ್ 7ರ ನಂತರ ಇದ್ಯಾವುದೂ ಕೆಲಸಕ್ಕೆ ಬರಲಿಲ್ಲ. ಇಸ್ರೇಲಿನ ಮೇಲೆ ಹಮಾಸ್ ಮಾಡಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 250ರಷ್ಟು ಜನರನ್ನು ಎಳೆದೊಯ್ದರು. ಆಮೇಲೆ ಗಾಝಾ. ಹತ್ತಾರು ಸಾವಿರ ಸಾವು, ಅದರಲ್ಲಿ ಎಷ್ಟೊಂದು ಮಕ್ಕಳು. ನಮ್ಮ ಕ್ಲಾಸಿನ ಒಬ್ಬ ಹುಡುಗನಿಗೆ ಗಾಝಾದಲ್ಲಿ ಚಿಕ್ಕಮ್ಮ ಇದ್ದರು. ನನ್ನ ಜೊತೆಗಾತಿಗೆ ಇಸ್ರೇಲಿನಲ್ಲಿ ತಂಗಿ. ಇಬ್ಬರೂ ಒಂದೇ ಕೋಣೆಯಲ್ಲಿ. "ನೀವು ಇಂಡಿಯಾದವರು, ನಿಮಗೇನು ಗೊತ್ತು?" ಅಂದ ಆ ಹುಡುಗ. "ಗೊತ್ತಿಲ್ಲ, ನೀನು ಹೇಳು" ಅಂದೆ. ಅವತ್ತು ಮಾಡಿದ್ದು ಅಷ್ಟೇ. ಯಾರ ಸಾವು ದೊಡ್ಡದು ಅನ್ನೋ ಲೆಕ್ಕಕ್ಕೆ ಮಾತು ತಿರುಗಿದಾಗ ಮಾತ್ರ ತಡೆದೆ. ಅವನು ಗೋಡೆ ನೋಡುತ್ತಾ ಚಿಕ್ಕಮ್ಮನ ಅಡುಗೆ ಮನೆ ಹೇಗಿತ್ತು ಅಂತ ಹೇಳಿದ.

ಇಸ್ರೇಲ್ ಸರ್ಕಾರವನ್ನು ಟೀಕಿಸಿದರೆ ಯಹೂದಿ ದ್ವೇಷವಾ? ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಪಂಡಿತರಲ್ಲೂ ಇದರ ಮೇಲೆ ಜಗಳ ಇದೆ. 2016ರದ್ದು ಒಂದು ವ್ಯಾಖ್ಯೆ, ಅದು ಸರಿಯಿಲ್ಲ ಅಂತ 2021ರದ್ದು ಇನ್ನೊಂದು. ಹದಿನೈದರ ಮಕ್ಕಳಿಗೆ ಅದನ್ನು ಓದಿಸೋಕಾಗಲ್ಲ. ಆಡಿದ ವಾಕ್ಯದ ಕರ್ತೃಪದ ಯಾವುದು ಅಂತ ಕೇಳುತ್ತೇನೆ. ಸರ್ಕಾರವಾ, ಸೈನ್ಯವಾ, ಮಂತ್ರಿಯಾ? ಹೇಳು, ಎಷ್ಟು ಖಾರವಾಗಿ ಬೇಕಾದರೂ ಹೇಳು. "ಯಹೂದಿಗಳು" ಅಂತ ಬಂತಾ? ಹಾಗಾದರೆ ನಮ್ಮ ಎದುರು ಮನೆ ಅಜ್ಜಿಯೂ ಅದರಲ್ಲಿ ಬಂದರಲ್ಲ. "ಅರಬ್ಬರು", "ಮುಸ್ಲಿಮರು" ಅಂತ ಶುರುವಾಗೋ ವಾಕ್ಯಕ್ಕೂ ಇದೇ ಪರೀಕ್ಷೆ.

ಆ ಚಳಿಗಾಲದಲ್ಲಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇಬ್ಬರು ಅಪ್ಪಂದಿರ ಕಥೆ. ರಾಮಿ ಎಲ್‌ಹಾನನ್ ಇಸ್ರೇಲಿ. ಅವರ ಮಗಳು ಸ್ಮದರ್ 1997ರಲ್ಲಿ ಜೆರುಸಲೇಮಿನ ಆತ್ಮಾಹುತಿ ದಾಳಿಯಲ್ಲಿ ಸತ್ತಳು, 13 ವರ್ಷ. ಬಸ್ಸಾಮ್ ಅರಾಮಿನ್ ಪ್ಯಾಲೆಸ್ತೀನಿ. ಅವರ ಮಗಳು ಅಬೀರ್‌ಗೆ 10 ವರ್ಷ, 2007ರಲ್ಲಿ ಶಾಲೆಯ ಹತ್ತಿರ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡು ತಗುಲಿ ಸತ್ತಳು. ಮಕ್ಕಳನ್ನು, ಮನೆಯವರನ್ನು ಕಳೆದುಕೊಂಡ ಎರಡೂ ಕಡೆಯವರು ಸೇರಿರುವ ಪೇರೆಂಟ್ಸ್ ಸರ್ಕಲ್ ಅನ್ನೋ ಸಂಸ್ಥೆ 1995ರಿಂದ ಇದೆ. ಇವರಿಬ್ಬರೂ ಅದರಲ್ಲಿದ್ದಾರೆ, ಊರೂರು ಸುತ್ತಿ ಒಟ್ಟಿಗೆ ಮಾತಾಡುತ್ತಾರೆ. ಶಾಂತಿ ಅಂದರೆ ಮೆತ್ತಗಿನ ಮಾತು ಅಂದುಕೊಂಡವರು ಇವರನ್ನು ಕೇಳಬೇಕು. ಪ್ಯಾಲೆಸ್ತೀನಿ ನೆಲದ ಮೇಲಿನ ಇಸ್ರೇಲಿನ ಆಕ್ರಮಣವನ್ನು ಬಸ್ಸಾಮ್ ಆಕ್ರಮಣ ಅಂತಲೇ ಕರೆಯುತ್ತಾರೆ. ರಾಮಿಯೂ.

ಶಾಲೆಗಿಂತ ಕಷ್ಟ ಆಗಿದ್ದು ನಮ್ಮದೇ ವಾಟ್ಸಾಪ್ ಗುಂಪು. ಇಲ್ಲಿನ ಕನ್ನಡಿಗರದ್ದು. ಹಬ್ಬ, ಬಾಡಿಗೆ ಮನೆ, ಸೋನಾಮಸೂರಿ ಎಲ್ಲಿ ಸಿಗುತ್ತೆ, ಇಂಥ ಮಾತುಗಳು ನಡೆಯೋ ಜಾಗ. ಅಕ್ಟೋಬರಿನಲ್ಲಿ ಇಸ್ರೇಲ್ ಬಾವುಟಗಳು ಬಂದವು. ಮೊದಲು ಖುಷಿಯಾಯಿತು. ನಾಲ್ಕು ದಿನಕ್ಕೆ ಗೊತ್ತಾಯಿತು, ಇದು ಯಹೂದಿಗಳ ಮೇಲಿನ ಪ್ರೀತಿ ಅಲ್ಲ, ಮುಸ್ಲಿಮರ ಮೇಲಿನ ಸಿಟ್ಟು. ಬಾವುಟ ಹಾಕಿದವರೇ ಎರಡು ವರ್ಷದ ಹಿಂದೆ ಯಹೂದಿಗಳ ಜಿಪುಣತನದ ಜೋಕು ಹಾಕಿದ್ದರು. ಮತ್ತೊಬ್ಬರು ಗಾಝಾದ ಫೋಟೋ ಹಾಕಿ "ಹಿಟ್ಲರ್ ಸುಮ್ನೆ ಮಾಡಿರಲಿಲ್ಲ" ಅಂತ ಬರೆದರು. ನಾನು ಗುಂಪಿನಲ್ಲೇ ಎರಡೂ ತಪ್ಪು ಅಂತ ಒಂದೊಂದು ಸಾಲು ಬರೆದೆ, ಆಮೇಲೆ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಊಟಕ್ಕೆ ಬಂದರು, ಮೂರು ಗಂಟೆ ಜಗಳಾಡಿದೆವು, ಪೋಸ್ಟ್ ಅಳಿಸಿದರು. ಇನ್ನೊಬ್ಬರು ಈಗಲೂ ಮಾತಾಡೋದಿಲ್ಲ. ಯುಗಾದಿಗೆ ಮೆಸೇಜ್ ಹಾಕುತ್ತೇನೆ. ನೀಲಿ ಗೆರೆ ಬೀಳುತ್ತದೆ, ಅಷ್ಟೇ.

ಅದೇ ತಿಂಗಳು, 18ನೇ ತಾರೀಕು, ಬರ್ಲಿನ್ನಿನ ನಡುಮಧ್ಯದ ಒಂದು ಸಿನಗಾಗ್ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಕೆಲವು ಮನೆಗಳ ಮೇಲೆ ಯಾರೋ ಯಹೂದಿಗಳ ಚಿಹ್ನೆಯಾದ ದಾವೀದನ ನಕ್ಷತ್ರ ಬರೆದು ಗುರುತು ಮಾಡಿದ್ದರು. ಒಂದು ಬೆಳಗ್ಗೆ ಅಜ್ಜಿ ಮತ್ತೆ ಬೆಲ್ ಮಾಡಿದರು. ಸ್ಕ್ರೂಡ್ರೈವರ್ ಇದೆಯಾ ಅಂತ. ಅವರ ಬಾಗಿಲ ಚೌಕಟ್ಟಿನಲ್ಲಿ ಬೆರಳುದ್ದದ ಒಂದು ಮೆಜೂಜಾ ಇತ್ತು. ಒಳಗೆ ಪ್ರಾರ್ಥನೆಯ ಸಾಲು ಬರೆದಿಟ್ಟ ಸಣ್ಣ ಡಬ್ಬಿ. ಅದನ್ನು ತೆಗೆದು ಒಳಬಾಗಿಲಿಗೆ ಹಾಕಿಕೊಡಬೇಕಿತ್ತು. ನಾನೇ ಬಿಚ್ಚಿದೆ. ಎರಡು ತಿರುಪು. ನಮ್ಮ ಸ್ವಸ್ತಿಕ ಒಳಗೆ ಹೋಗಿದ್ದು ನೆನಪಾಯಿತು. ಅವತ್ತು ಅಮ್ಮ ಹೆದರಿ ಒರೆಸಿರಲಿಲ್ಲ.

ನಮ್ಮ ಬೀದಿಯಲ್ಲಿ ಕಾಲುಹಾದಿಗೆ ಹುದುಗಿಸಿದ ಮೂರು ಎಡವುಗಲ್ಲುಗಳಿವೆ. ಸ್ಟೋಲ್ಪರ್‌ಸ್ಟೈನ್ ಅಂತಾರೆ. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ್ದು. 10 ಸೆಂಟಿಮೀಟರ್ ಚೌಕದ ಹಿತ್ತಾಳೆ ತಗಡು, ಮೇಲೆ "ಇಲ್ಲಿ ವಾಸವಿದ್ದರು", ಹೆಸರು, ಹುಟ್ಟಿದ ವರ್ಷ, ಯಾವ ಕ್ಯಾಂಪಿಗೆ ಸಾಗಿಸಿದರು ಅನ್ನೋದು. 2023ರಲ್ಲಿ ಒಂದು ಲಕ್ಷದ ಕಲ್ಲು ಬಿತ್ತು. ಹಿತ್ತಾಳೆ ಅಲ್ವಾ, ಮಳೆಗೆ ಕಪ್ಪಾಗುತ್ತದೆ. ಪ್ರತಿ ವರ್ಷ ನವೆಂಬರ್ 9ಕ್ಕೆ, 1938ರಲ್ಲಿ ಸಿನಗಾಗ್‌ಗಳನ್ನು ಸುಟ್ಟ ರಾತ್ರಿಯ ನೆನಪಿಗೆ, ಜನ ಅವನ್ನು ಉಜ್ಜುತ್ತಾರೆ. ಎಲ್ಲರೂ ಪಾಲಿಶ್ ಟ್ಯೂಬ್ ತರುತ್ತಾರೆ. ನಾನು ಒಯ್ಯೋದು ಹುಣಸೆಹಣ್ಣು. ಮನೆಯ ದೀಪ ಬೆಳಗೋಕೆ ಅಮ್ಮ ಬಳಸೋದು ಅದನ್ನೇ.

ಹೋದ ನವೆಂಬರಿನಲ್ಲಿ ಅಜ್ಜಿ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಒಂದು ಚೂರು ಹುಣಸೆಹಣ್ಣು ಕೇಳಿ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿದರು. "ಇದನ್ನು ತಿಂತೀರಾ ನೀವು?" "ಸಾರಿಗೆ ಹಾಕ್ತೀವಿ" ಅಂದೆ. ಇನ್ನೊಂದು ಚೂರು ಕೊಡು ಅಂದರು. ಮೂರನೇ ಕಲ್ಲು ಉಜ್ಜುವಷ್ಟರಲ್ಲಿ ಮಳೆ ಹನಿಯೋಕೆ ಶುರುವಾಯಿತು, ಒಳಗೆ ಬಂದೆವು. ಅವರ ಚೌಕಟ್ಟಿನಲ್ಲಿ ಆ ಎರಡು ತೂತು ಹಾಗೇ ಇವೆ. ಮೆಜೂಜಾ ಇನ್ನೂ ಒಳಗಡೆಯೇ ಇದೆ.