ಪಕ್ಕದ ಹೊಲದಲ್ಲಿ ಬಂಗಲೆ ಏಳದಂತೆ ತಡೆಯುವುದು ಹೇಗೆ?

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಪೂರ್ವ ತುದಿಯಲ್ಲಿ ಈಸ್ಟ್ ಹ್ಯಾಂಪ್ಟನ್ ಇದೆ. ಸಿರಿವಂತರು ಬೇಸಿಗೆ ಕಳೆಯಲು ಬರುವ ಕಡಲ ಊರು. ಆಲೂಗಡ್ಡೆ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಬಂಗಲೆಗಳಿವೆ. ಆ ಕಡೆ ಮನೆ ಮಾಡಿರುವ ನಮ್ಮವರು ಯಾರಾದರೂ ‘ಪಕ್ಕದ ಹೊಲ ಮಾರ್ತಾರಂತೆ, ಏನ್ ಮಾಡೋದು?’ ಎಂದು ಕೇಳಿದರೆ ನನ್ನ ಉತ್ತರ ಒಂದೇ: ಮೊದಲು ಟೌನ್ ಹಾಲ್‌ಗೆ, ಅಂದರೆ ಸ್ಥಳೀಯ ಆಡಳಿತದ ಕಚೇರಿಗೆ, ಓಡಬೇಡಿ. ಹೆಚ್ಚಿನವರು ಎಡವುವುದು ಅಲ್ಲೇ.

1. ದುಡ್ಡು ಎಲ್ಲಿದೆ ತಿಳಿದುಕೊಳ್ಳಿ

ಈಸ್ಟ್ ಹ್ಯಾಂಪ್ಟನ್ ಸೇರಿ ಇಲ್ಲಿನ ಐದು ಟೌನ್‌ಗಳ (ಸ್ಥಳೀಯ ಆಡಳಿತ ಘಟಕಗಳ) ಜನ 1998ರಲ್ಲಿ ಮತ ಹಾಕಿ ಒಂದು ನಿಧಿ ಮಾಡಿಕೊಂಡರು. ಹೆಸರು ಕಮ್ಯುನಿಟಿ ಪ್ರಿಸರ್ವೇಶನ್ ಫಂಡ್. 1999ರಿಂದ ಇಲ್ಲಿ ಮನೆ, ಜಮೀನು ಕೊಳ್ಳುವವರು ಬೆಲೆಯ ಶೇ 2ರಷ್ಟನ್ನು ಇದಕ್ಕೆ ಕಟ್ಟಬೇಕು. ಕಡಿಮೆ ಬೆಲೆಯ ಖರೀದಿಗಾದರೆ ಬೆಲೆಯ ಮೊದಲ ಭಾಗಕ್ಕೆ ವಿನಾಯಿತಿ ಉಂಟು. 1 ಕೋಟಿ ಡಾಲರಿನ ಮನೆಯಿಂದ ಸುಮಾರು 2 ಲಕ್ಷ ಡಾಲರ್ ಬರುತ್ತದೆ. ಆ ದುಡ್ಡಿನಿಂದ ಟೌನ್ ಹೊಲ, ಕಾಡು, ಜೌಗು ಜಾಗ ಕೊಳ್ಳುತ್ತದೆ. 2016ರಲ್ಲಿ ಜನ ಇದನ್ನು 2050ರವರೆಗೆ ವಿಸ್ತರಿಸಿದರು. ಹಾಗಾಗಿ ‘ಟೌನ್ ಹತ್ರ ದುಡ್ಡೆಲ್ಲಿದೆ’ ಎನ್ನುವವರ ಮಾತು ನಂಬಬೇಡಿ.

2. ಜಮೀನಿನ ನಂಬರ್ ಹುಡುಕಿ

ಈ ಊರು ಸೇರಿರುವ ಸಫೋಕ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ತೆರಿಗೆ ನಕ್ಷೆಯಲ್ಲಿ ಡಿಸ್ಟ್ರಿಕ್ಟ್, ಸೆಕ್ಷನ್, ಬ್ಲಾಕ್, ಲಾಟ್ ಎಂದು ನಾಲ್ಕು ಅಂಕಿ ಇರುತ್ತವೆ. ಅಷ್ಟನ್ನೂ ಬರೆದುಕೊಳ್ಳಿ. ಮನೆ ಮಾರುವ ಜಾಲತಾಣಗಳ ನಕ್ಷೆ ಮಾತ್ರ ಬೇಡ. ಗಡಿ ಗೆರೆ ಎಲ್ಲೆಲ್ಲೋ ಇರುತ್ತದೆ. ಟೌನ್ ಒಳಗೇ ಇರುವ ಈಸ್ಟ್ ಹ್ಯಾಂಪ್ಟನ್ ವಿಲೇಜ್‌ಗೆ ಬೇರೆಯೇ ಆಡಳಿತ ಇದೆ. ಅಲ್ಲಿನ ಕಟ್ಟಡ ಪರವಾನಗಿ ವಿಲೇಜ್ ಕೈಯಲ್ಲಿ. ನಿಧಿ ಇರುವುದು ಟೌನ್ ಕೈಯಲ್ಲಿ. ಕಡಲತೀರ, ಕೊಲ್ಲಿಯ ತಳದ ವಿಷಯವಾದರೆ ಟ್ರಸ್ಟಿಗಳನ್ನು ಕೇಳಬೇಕು. 1686ರ ಸನ್ನದಿನ ಕಾಲದಿಂದ ಬಂದ, ಜನ ಆರಿಸುವ ಒಂಬತ್ತು ಜನರ ಮಂಡಳಿ ಅದು.

3. ಮಾಲೀಕರ ಜೊತೆ ಮಾತಾಡಿ

ಕಷ್ಟದ ಕೆಲಸ ಇದು. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿ ಸೋತವರನ್ನು ನೋಡಿದ್ದೇನೆ. ಮಾರಲು ಒಪ್ಪಿದವರಿಂದ ಕೊಳ್ಳುವುದು ಟೌನ್‌ನ ರೂಢಿ. ಮಾಲೀಕರಿಗೆ ಮನಸ್ಸಿಲ್ಲದಿದ್ದರೆ ನಿಮ್ಮ ಸಾವಿರ ಸಹಿಯ ಮನವಿಯಿಂದ ಏನೂ ಆಗುವುದಿಲ್ಲ.

ರೈತ ಕುಟುಂಬ ಹೊಲ ಮಾರುವುದು ಆಸೆಯಿಂದಲೇ ಎಂದುಕೊಳ್ಳಬೇಡಿ. ಬಂಗಲೆಗಳಿಂದಾಗಿ ಹೊಲದ ಬೆಲೆ ಮುಗಿಲು ಮುಟ್ಟಿದೆ. ಹಿರಿಯರು ತೀರಿಕೊಂಡರೆ ಆ ಬೆಲೆಯ ಮೇಲೆ ಎಸ್ಟೇಟ್ ತೆರಿಗೆ ಬೀಳಬಹುದು. ಆ ತೆರಿಗೆ ಕಟ್ಟಲು 9 ತಿಂಗಳ ಗಡುವು. ಅಣ್ಣ ಒಂದು ರಾಜ್ಯದಲ್ಲಿ, ತಂಗಿ ಇನ್ನೊಂದು ರಾಜ್ಯದಲ್ಲಿ. ಕೈಯಲ್ಲಿ ದುಡ್ಡಿಲ್ಲ. ಆ ಹೊತ್ತಿಗೆ ಬಿಲ್ಡರ್ ಬಂದು ಬಾಗಿಲು ತಟ್ಟುತ್ತಾನೆ. ಹಿರಿಯರು ಇರುವಾಗಲೇ ನೀವು ಮಾತು ತೆಗೆಯಬೇಕು.

ಒಬ್ಬರೇ ಹೋಗಿ. ಗುಂಪು ಕಟ್ಟಿಕೊಂಡು ಹೋದರೆ ಅವರಿಗೆ ಬೆದರಿಸಲು ಬಂದ ಹಾಗೆ ಅನಿಸುತ್ತದೆ. ‘ನಮ್ಮ ಕಿಟಕಿಯಿಂದ ಹೊಲ ಚೆನ್ನಾಗಿ ಕಾಣುತ್ತೆ’ ಎಂದು ಶುರು ಮಾಡಬೇಡಿ. ಅವರಿಗೆ ಏನು ಬೇಕು ಕೇಳಿ. ದುಡ್ಡು ಬೇಕೋ, ಉಳುಮೆ ಮುಂದುವರಿಸಬೇಕೋ, ಮಕ್ಕಳಿಗೊಂದು ಮನೆಯ ಜಾಗ ಉಳಿಯಬೇಕೋ? ಉತ್ತರಕ್ಕೆ ತಕ್ಕ ದಾರಿ ಇದೆ. ಪೂರ್ತಿ ಜಮೀನು ಮಾರಬಹುದು. ಕಟ್ಟಡ ಕಟ್ಟುವ ಹಕ್ಕನ್ನಷ್ಟೇ ಮಾರಿ ಹೊಲವನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಈ ಎರಡನೆಯ ದಾರಿಯನ್ನು ದೇಶದಲ್ಲೇ ಮೊದಲು ತೆರೆದದ್ದು ಸಫೋಕ್ ಕೌಂಟಿ, 1974ರಲ್ಲಿ. ನನ್ನನ್ನು ಕೇಳಿದರೆ ಇದೇ ಒಳ್ಳೆಯದು. ಉಳುವವರು ಉಳಿಯುತ್ತಾರೆ, ಹೊಲದ ಬೆಲೆ ಇಳಿಯುತ್ತದೆ, ಮಕ್ಕಳಿಗೆ ತೆರಿಗೆಯ ಹೊರೆಯೂ ಇಳಿಯುತ್ತದೆ. ಹಕ್ಕನ್ನು ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಸಿಗಬಹುದು.

ಬೆಲೆಯ ಮಾತು ನೀವು ಎತ್ತಲೇಬೇಡಿ. ಅದನ್ನು ಅಳೆಯಲು ಟೌನ್ ಬೇರೆ ಪರಿಣತರನ್ನು ನೇಮಿಸುತ್ತದೆ. ಸುಮ್ನೆ ಒಂದು ಅಂಕಿ ಹೇಳಿಬಿಟ್ಟರೆ ಮಾಲೀಕರು ಅದಕ್ಕೇ ಅಂಟಿಕೊಳ್ಳುತ್ತಾರೆ. ಫೇಸ್‌ಬುಕ್‌ನಲ್ಲೂ ಹಾಕಬೇಡಿ, ಬಿಲ್ಡರ್‌ಗಳೂ ಓದುತ್ತಾರೆ ಅಲ್ವಾ? ಎರಡನೇ ಸಲ ಹೋಗುವಾಗ, ಮಾಲೀಕರು ಒಪ್ಪಿದರೆ, ಹೊಲ ಉಳಿಸುವ ಸಂಸ್ಥೆಯಾದ ಪೆಕೋನಿಕ್ ಲ್ಯಾಂಡ್ ಟ್ರಸ್ಟ್‌ನವರನ್ನು ಕರೆದುಕೊಂಡು ಹೋಗಿ. 1983ರಿಂದ ಅವರ ಕೆಲಸವೇ ಇದು. ತೆರಿಗೆಯ ಲೆಕ್ಕಕ್ಕೆ ಮಾಲೀಕರು ತಮ್ಮದೇ ವಕೀಲರನ್ನು ಕೇಳಲಿ.

4. ಟೌನ್‌ಗೆ ಪತ್ರ ಬರೆಯಿರಿ

ನಂಬರ್, ಮಾಲೀಕರ ಒಪ್ಪಿಗೆ, ಒಂದು ಪುಟ. ಜಮೀನು ನಿಧಿಯ ಯೋಜನಾ ಪಟ್ಟಿಯಲ್ಲಿ (ಟೌನ್ ಕೊಳ್ಳಬಹುದಾದ ಜಮೀನುಗಳ ಪಟ್ಟಿ) ಇಲ್ಲದಿದ್ದರೆ ಸೇರಿಸಲು ಕೇಳಿ.

5. ಹಿಯರಿಂಗ್‌ನಲ್ಲಿ ಮಾತಾಡಿ

ಕೊಳ್ಳುವ ಮೊದಲು ಟೌನ್ ಬೋರ್ಡ್ ಸಾರ್ವಜನಿಕರ ಮಾತು ಕೇಳಲೇಬೇಕು, ಕಾನೂನು ಹಾಗಿದೆ. ಸೂಪರ್‌ವೈಸರ್ (ಟೌನ್ ಆಡಳಿತದ ಮುಖ್ಯಸ್ಥರು) ಮತ್ತು ನಾಲ್ವರು ಸದಸ್ಯರು ಕೂತಿರುತ್ತಾರೆ. ನಿಮಗೆ ಸಿಗುವುದು ಕೆಲವೇ ನಿಮಿಷ. ನಿಮ್ಮ ಮನೆಯ ಬೆಲೆ, ನೋಟ, ಟ್ರಾಫಿಕ್ ಬಿಡಿ. ನೀರಿನ ಮಾತಾಡಿ. ಲಾಂಗ್ ಐಲೆಂಡಿನವರು ಕುಡಿಯುವುದು ಅಂತರ್ಜಲವನ್ನೇ. ಖಾಲಿ ನೆಲದಲ್ಲಿ ಇಂಗಿದ ಮಳೆಯೇ ಕೆಳಗೆ ಸೇರುವುದು. ಅದೇ ಮಾತನ್ನು ಬರೆದು ಟೌನ್ ಕ್ಲರ್ಕ್‌ಗೂ ಕೊಡಿ, ದಾಖಲೆಗೆ ಹೋಗುತ್ತದೆ. ಎಲ್ಲೋ ಸಿಗುವ ರೆಡಿಮೇಡ್ ಪತ್ರಕ್ಕೆ ಹೆಸರು ಹಾಕಿ ಕಳಿಸಬೇಡಿ. ಒಂದೇ ಪತ್ರ ನಲವತ್ತು ಸಲ ಬಂದರೆ ಯಾರೂ ಓದುವುದಿಲ್ಲ.

6. ಕೊಂಡ ಮೇಲೂ ಬಿಡಬೇಡಿ

ಅಲ್ಲಿ ಬೇಸಾಯವೋ, ನಡೆಯುವ ದಾರಿಯೋ, ಸುಮ್ಮನೆ ಕಾಡೋ ಎನ್ನುವುದು ನಿರ್ವಹಣಾ ಯೋಜನೆಯಲ್ಲಿ ಬರೆದಿರುತ್ತದೆ. ನಿಮ್ಮ ಬಯಕೆ ಅಲ್ಲಿ ಸೇರಬೇಕಾದರೆ ಕರಡು ಹಂತದಲ್ಲೇ ಹೇಳಿ. ನೋಡಿಕೊಳ್ಳುವ ಖರ್ಚಿಗೆ ನಿಧಿಯಿಂದ ಶೇ 10ಕ್ಕಿಂತ ಜಾಸ್ತಿ ಬಳಸುವಂತಿಲ್ಲ. ಹಾಗಾಗಿ ಕಳೆ ಕೀಳಲು, ಬೇಲಿ ಸರಿಮಾಡಲು ಜನ ಬೇಕು. ಸ್ವಯಂಸೇವಕರ ಪಟ್ಟಿಯಲ್ಲಿ ಹೆಸರು ಬರೆಸಿ.