ಉರಿದದ್ದು ಎಲ್ಲಿಗೆ ಹೋಯಿತು?

ಮೂಡಿಗೆರೆ ಕಡೆ ಹೈಸ್ಕೂಲಿನಲ್ಲಿ ನಾನು ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ರಾಸಾಯನಿಕ ಸಮೀಕರಣ ಸರಿದೂಗಿಸಿ, ಅಂದರೆ ಬಾಣದ ಎಡಕ್ಕೂ ಬಲಕ್ಕೂ ಪರಮಾಣುಗಳ ಲೆಕ್ಕ ಸಮ ಮಾಡಿ, ಅಂದ ಕೂಡಲೇ ಮಕ್ಕಳು ಸುಮ್ನೆ ಅಂಕಿ ಬರೆಯುತ್ತಾ, ಅಳಿಸುತ್ತಾ ಕೂರುತ್ತಾರೆ. ಅದಕ್ಕೇ ದಹನದ ವಿಷಯ ಬಂದಾಗ ನಾನು ಮೊದಲು ಕೇಳುವುದು, ಉರಿದದ್ದು ಎಲ್ಲಿಗೆ ಹೋಯಿತು ಅಂತ.

ಇಂಗಾಲ, ಜಲಜನಕ ಮಾತ್ರ ಇರುವ ಇಂಧನ ಪೂರ್ತಿ ಉರಿದರೆ ಸಿಗುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಬೆಂಕಿಯಿಂದ ನೀರು ಅಂದರೆ ಯಾರೂ ನಂಬುವುದಿಲ್ಲ. ತಣ್ಣೀರು ತುಂಬಿದ ಸ್ಟೀಲ್ ಪಾತ್ರೆಯ ತಳ ಚೆನ್ನಾಗಿ ಒರೆಸಿ ಗ್ಯಾಸ್ ಒಲೆ ಮೇಲಿಡಿ, ಅಂಥದ್ದೇ ಇನ್ನೊಂದನ್ನು ಪಕ್ಕದಲ್ಲಿಡಿ ಎನ್ನುತ್ತೇನೆ. ಸ್ವಲ್ಪ ಹೊತ್ತಿಗೆ ಒಲೆ ಮೇಲಿನದರ ಹೊರಮೈ ಮಬ್ಬಾಗುತ್ತದೆ. ಬೆರಳಾಡಿಸಿದರೆ ಒದ್ದೆ. ಪಾತ್ರೆ ಬಿಸಿಯಾದಂತೆ ಆರಿಹೋಗುತ್ತದೆ. ಪಕ್ಕದ್ದು ಹಾಗೇ ಇರುತ್ತದೆ. ಗ್ಯಾಸಿನ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಸೇರಿ ಆದ ನೀರು ಅದು.

ಇಷ್ಟು ಕಂಡ ಮೇಲೆ ಲೆಕ್ಕ ಸುಲಭ. ಸಿಲಿಂಡರಿನಲ್ಲಿರುವ ಬ್ಯೂಟೇನನ್ನೇ ತಗೊಳ್ಳಿ. ಒಂದು ಅಣುವಿನಲ್ಲಿ 4 ಇಂಗಾಲ, 10 ಜಲಜನಕ. ಮೊದಲು ಇಂಗಾಲ: 4 ಇಂಗಾಲದ ಡೈಆಕ್ಸೈಡ್. ಆಮೇಲೆ ಜಲಜನಕ: 5 ನೀರು. ಆಮ್ಲಜನಕ ಕೊನೆಗೆ, ಯಾಕಂದ್ರೆ ಎಡಗಡೆ ಅದು ಒಂಟಿಯಾಗಿದೆ, ಅದರ ಅಂಕಿ ಬದಲಿಸಿದರೆ ಬೇರೆ ಯಾವ ಲೆಕ್ಕವೂ ಕೆಡುವುದಿಲ್ಲ. ಬಲಗಡೆ ಆಮ್ಲಜನಕದ ಪರಮಾಣು 8 ಮತ್ತು 5, ಒಟ್ಟು 13. ಅದು ಜೋಡಿಯಾಗಿಯೇ ಇರುವುದರಿಂದ ಆರೂವರೆ ಅಣು ಬೇಕು. ಅರ್ಧ ಉಳಿಯದಂತೆ ಎಲ್ಲವನ್ನೂ ಎರಡರಿಂದ ಗುಣಿಸಬೇಕು:

2 ಬ್ಯೂಟೇನ್ + 13 ಆಮ್ಲಜನಕ → 8 ಇಂಗಾಲದ ಡೈಆಕ್ಸೈಡ್ + 10 ನೀರು

ಎಡಕ್ಕೆ 26 ಆಮ್ಲಜನಕ ಪರಮಾಣು, ಬಲಕ್ಕೂ 26. H₂O ಥರದ ಸೂತ್ರದೊಳಗಿನ ಚಿಕ್ಕ ಅಂಕಿ ಮಾತ್ರ ಮುಟ್ಟಲೇಬಾರದು. ನೀರಿಗೆ ಒಂದು ಆಮ್ಲಜನಕ ಜಾಸ್ತಿ ಸೇರಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಡುತ್ತದೆ.

"ಸಾರ್, ಸಿಲಿಂಡರ್ ಒಲೆಗೆ ಗೋಬರ್ ಗ್ಯಾಸ್ ಕೊಟ್ರೆ ಯಾಕೆ ಸರಿಯಾಗಿ ಉರಿಯಲ್ಲ?" ಅಂತ ಒಬ್ಬ ಹುಡುಗ ಕೇಳಿದ್ದ. ಎಂಥ ಒಳ್ಳೆಯ ಪ್ರಶ್ನೆ! ಉತ್ತರ ಸಮೀಕರಣದಲ್ಲೇ ಇದೆ. ಗೋಬರ್ ಗ್ಯಾಸಿನಲ್ಲಿ ಉರಿಯುವುದು ಮೀಥೇನ್. ಒಂದು ಮೀಥೇನಿಗೆ 2 ಆಮ್ಲಜನಕ ಸಾಕು. ಅನಿಲಗಳ ಲೆಕ್ಕವಾದ್ದರಿಂದ ಇದನ್ನು ಲೀಟರಿನಲ್ಲೂ ಓದಬಹುದು. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21. ಹಾಗಾಗಿ ಒಂದು ಲೀಟರ್ ಮೀಥೇನಿಗೆ ಹತ್ತು ಲೀಟರಿನಷ್ಟು ಗಾಳಿ ಬೇಕಾದರೆ, ಬ್ಯೂಟೇನಿಗೆ ಮೂವತ್ತಕ್ಕೂ ಜಾಸ್ತಿ. ಗೋಬರ್ ಗ್ಯಾಸಿನಲ್ಲಿ ಉರಿಯದ ಇಂಗಾಲದ ಡೈಆಕ್ಸೈಡ್ ಬೇರೆ ಸೇರಿರುತ್ತದೆ. ಅದಕ್ಕೇ ಗಾಳಿಗೆ ಹೋಲಿಸಿದರೆ ಗ್ಯಾಸ್ ಜಾಸ್ತಿ ಬರುವಂತೆ ಅದರ ಒಲೆಯ ಜೆಟ್ಟಿಗೆ, ಅಂದರೆ ಗ್ಯಾಸ್ ಹೊರಬರುವ ಮೂತಿಗೆ, ದೊಡ್ಡ ತೂತು ಬೇಕು.

ಗಾಳಿ ಸಾಲದಿದ್ದಾಗಿನ ಸಮೀಕರಣವನ್ನು ಪರೀಕ್ಷೆಗೆ ಬರಲಿ ಬಿಡಲಿ, ಬರೆಸಿಯೇ ಬರೆಸುತ್ತೇನೆ:

2 ಇಂಗಾಲ + 1 ಆಮ್ಲಜನಕ → 2 ಇಂಗಾಲದ ಮೊನಾಕ್ಸೈಡ್

ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ. ನಮ್ಮ ಕಡೆ ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ಇಟ್ಟುಕೊಳ್ಳುವವರಿದ್ದಾರೆ. ಬಾಗಿಲು ಕಿಟಕಿ ಮುಚ್ಚಿ ಹಾಗೆ ಮಲಗಬೇಡಿ ಅಂತ ಅಜ್ಜ ಅಜ್ಜಿಗೆ ಇವತ್ತೇ ಹೇಳಿ ಎಂದು ಮಕ್ಕಳನ್ನು ಮನೆಗೆ ಕಳಿಸುತ್ತೇನೆ.